ರವಿವಾರಕ್ಕೆ ಕೂಡಿಟ್ಟ ಸುದ್ದಿ

ಗುರುತಿಲ್ಲದವರ ಜೊತೆ ಮಾತಾಡುವುದು ಕಷ್ಟ, ಗೆಳತಿಯ ಜೊತೆ ಸುಲಭ ಎನ್ನುವವರು ಎಂದೂ ಗೆಳತಿಯ ಎದುರು ಗಡಿಯಾರ ಇಟ್ಟುಕೊಂಡು ಮಾತಾಡಿರಲಿಕ್ಕಿಲ್ಲ. ಗುರುತಿಲ್ಲದವರನ್ನು ಕೇಳಲು ಏನೆಲ್ಲ ಇರುತ್ತದೆ! ಅಂಕಲಿಯಿಂದ ಚಿಕ್ಕೋಡಿಗೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ಟಿಕೆಟ್ ಕೈಗೆ ಬರುವ ಮೊದಲೇ ನಮ್ಮ ಅಡ್ಡಹೆಸರು, ತವರಿನ ಕಡೆಯವರು, ಲಗ್ನ ಆಗಿಲ್ಲವಾದರೆ ಯಾಕೆ ಆಗಿಲ್ಲ ಎಂಬುದನ್ನೆಲ್ಲ ತಿಳಿದುಕೊಂಡು ತನ್ನ ಮೊಣಕಾಲು ನೋವಿನ ಕಥೆಗೆ ಬಂದಿರುತ್ತಾಳೆ. ಗೆಳತಿಯ ಹತ್ತಿರ ಈ ಅನುಕೂಲ ಇಲ್ಲ. ಅವಳ ಮೊಣಕಾಲು ಯಾವಾಗ ಒಡೆಯಿತು, ಯಾವ ಕಲ್ಲಿಗೆ ಒಡೆಯಿತು ಎಂಬುದೆಲ್ಲ ನಮಗೆ ಗೊತ್ತು. ಆಗ ತಳ್ಳಿದವರು ನಾವೇ.

ನನಗೆ ಈ ಜ್ಞಾನ ಬಂದದ್ದು ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲದಲ್ಲಿ. ನಾನು ಮತ್ತು ಸುರೇಖಾ ಜೊತೆಯಲ್ಲೇ ಡಿ.ಎಡ್. ಮುಗಿಸಿ, ಜೊತೆಯಲ್ಲೇ ಮನೆಯಲ್ಲಿ ಕುಳಿತಿದ್ದೆವು. ನಮ್ಮಿಬ್ಬರ ಮನೆಗಳಿಗೆ ಹಿತ್ತಲಿನ ಗೋಡೆ ಒಂದೇ. ಸುಮ್ಮನೆ ಕೂರುವ ಕೆಲಸವನ್ನೂ ನಾನು ಶಿಸ್ತಿನಿಂದ ಮಾಡುತ್ತಿದ್ದೆ: ದಿನಾಲು ಡೈರಿ, ಅದರಲ್ಲಿ ಬಸ್ಸು ಎಷ್ಟು ತಡ, ಎಮ್ಮೆ ಎಷ್ಟು ಹಾಲು, ನಾನು ಎಷ್ಟು ಸಲ ಸಿಟ್ಟಿಗೆದ್ದೆ ಎಂಬ ಲೆಕ್ಕ, ತಿಂಗಳ ಕೊನೆಗೆ ಒಟ್ಟು. “ಇಷ್ಟ ಬರಿಯಾಕ ಸರಕಾರದಾವ್ರು ಪಗಾರ ಕೊಡ್ತಾರೇನಬೇ?” ಎಂದು ಅವ್ವ ಕೇಳುತ್ತಿದ್ದಳು. ಆ ಪ್ರಶ್ನೆಗೂ ಒಂದು ಕಾಲಂ ಇತ್ತು.

ಅಂಥ ಒಂದು ದಿನ ಚಿಕ್ಕೋಡಿಯ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಶಿಕ್ಷಕಿಯರು ಬೇಕಾಗಿದ್ದಾರೆಂದು ಗೊತ್ತಾಯಿತು. ಬರವಣಿಗೆಯ ಪರೀಕ್ಷೆ ಇಲ್ಲ, ಬರೀ ಮಾತಿನ ಪರೀಕ್ಷೆ. ಅಭ್ಯರ್ಥಿಗಳನ್ನು ಇಬ್ಬಿಬ್ಬರಾಗಿ ಒಳಗೆ ಕರೆದು, ಒಬ್ಬರನ್ನೊಬ್ಬರು ಇಂಗ್ಲಿಷಿನಲ್ಲಿ ಮಾತಾಡಿಸಲು ಹೇಳಿ, ಸಾಹೇಬರು ಹತ್ತು ನಿಮಿಷ ಕೇಳುತ್ತಾ ಕೂರುತ್ತಾರಂತೆ. ಜೋಡಿಯನ್ನು ನಾವೇ ತರಬಹುದಂತೆ. “ಇಷ್ಟ ಅಲ್ಲೇನಲೇ?” ಎಂದಳು ಸುರೇಖಾ ಗೋಡೆಯ ಮೇಲಿಂದ. “ಮಾತಾಡೂದಕ್ಕ ಪಗಾರ ಕೊಡ್ತಾರಂದ್ರ ನಾವು ಈಗಾಗ್ಲೆ ರಿಟೈರ್ ಆಗಬೇಕಿತ್ತ.”

ಮರುದಿನವೇ ಸುರೇಖಾಳ ಪಡಸಾಲೆಯಲ್ಲಿ ತಾಲೀಮು ಶುರು. ಅವಳ ಅಜ್ಜಿ, ನಾವೆಲ್ಲ ಆಯಿ ಎನ್ನುತ್ತೇವೆ, ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಕೈಗಡಿಯಾರ ಬಿಚ್ಚಿ ನೆಲಕ್ಕಿಟ್ಟು, ಗಂಭೀರವಾಗಿ, “ವಾಟ್ ಈಸ್ ಯುವರ್ ನೇಮ್?” ಎಂದೆ. ಸುರೇಖಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು. ಒಂದು ಸಲ ನಗಲು ಶುರು ಮಾಡಿದರೆ ಅವಳು ಗೋಡೆ ಹಿಡಿದು ನಿಲ್ಲಬೇಕು. “ವೇರ್ ಡು ಯೂ ಲಿವ್?” ಎಂದು ಕೇಳಿದಾಗ ಕೈ ಮಾಡಿ ನೆಲ ತೋರಿಸಿದಳು. “ಹೌ ಮೆನಿ ಬ್ರದರ್ಸ್?” ಎಂದದ್ದಕ್ಕೆ ಅವಳಿಗೆ ನಿಜವಾಗಿಯೇ ಸಿಟ್ಟು ಬಂತು.

“ನಮ್ಮಣ್ಣನ ಲಗ್ನದಾಗ ಮೂರ ದಿನ ನಮ್ಮ ಮನ್ಯಾಗ ಉಂಡಿ. ಈಗ ಅಣ್ಣ ಅದಾನೋ ಇಲ್ಲೋ ಕೇಳಾಕತ್ತಿ? ಗೊತ್ತಿದ್ದದ್ದ ಯಾಕ ಕೇಳ್ತಿ?”

“ಪರೀಕ್ಷಾಕ್ಕ ಕೇಳಾಕತ್ತೀನವಾ.”

“ಪರೀಕ್ಷಾ ಇರಲಿ, ಏನರೆ ಇರಲಿ. ಗೊತ್ತಿದ್ದದ್ದ ಕೇಳಿದ್ರ ಮಂದಿ ಅಣಕಸಾಕತ್ತಾರ ಅಂತಾರ.”

ಅವಳ ಮಾತು ಸುಳ್ಳಲ್ಲ. ನಮ್ಮ ಕಡೆ ಗೊತ್ತಿರುವುದನ್ನು ಮತ್ತೆ ಕೇಳುವವರು ಇಬ್ಬರೇ: ಪೊಲೀಸರು ಮತ್ತು ಮದುವೆ ಮುರಿಯಲು ಬಂದವರು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಗೈಡನ್ನು ತೆರೆದೆ. ಅದರಲ್ಲಿ ‘ಗೆಳೆಯರ ಜೊತೆ ಮಾತುಕತೆ’ ಎಂಬ ಪಾಠವೇ ಇತ್ತು. ನೀವು ಗೆಳೆಯರನ್ನು ಎಲ್ಲಿ ಭೇಟಿಯಾಗುತ್ತೀರಿ? ಉತ್ತರ: ವಾರದ ಕೊನೆಗೆ ಕಾಫಿ ಅಂಗಡಿಯಲ್ಲಿ. ಇದನ್ನು ಕನ್ನಡದಲ್ಲಿ ಹೇಳಿದಾಗ ಆಯಿ ಮೊರವನ್ನು ಕೆಳಗಿಟ್ಟು, “ಯಾವೂರಾಗ ಹ್ವಾದ್ರಿ ನೀವು ಕಾಫಿ ಅಂಗಡಿಗೆ?” ಎಂದು ಕೇಳಿ ನಮ್ಮನ್ನು ಪೇಚಿಗೆ ಸಿಕ್ಕಿಸಿದಳು. ಮಾತು ಮುಖಾಮುಖಿಯೋ ಫೋನಿನಲ್ಲೋ ಎಂಬುದು ಮುಂದಿನ ಪ್ರಶ್ನೆ. ನಾವು ಮಾತಾಡುವುದು ಗೋಡೆಯ ಮೇಲಿಂದ. ಅವಳಿಗೆ ನನ್ನ ಹಣೆ ಕಾಣುತ್ತದೆ, ನನಗೆ ಅವಳ ಬೈತಲೆ. ಇದು ಮುಖಾಮುಖಿಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ವಾದ ಕನ್ನಡದಲ್ಲಿ ಅರ್ಧ ತಾಸು ನಡೆಯಿತು. ಆ ದಿನದ ಡೈರಿ ಹೀಗಿದೆ: ಇಂಗ್ಲಿಷ್ ನಾಲ್ಕು ನಿಮಿಷ, ಕನ್ನಡ ಉಳಿದದ್ದೆಲ್ಲ.

ಎರಡು ವಾರ ಹೀಗೇ ಹೋದ ಮೇಲೆ ರೋಗ ಎಲ್ಲಿದೆ ಎಂದು ನನಗೆ ಹೊಳೆಯಿತು. ಹೊಳೆಯುವುದು ನನ್ನ ದೌರ್ಬಲ್ಯ. ನಮಗೆ ಇಂಗ್ಲಿಷಿನ ಕೊರತೆಗಿಂತ ಸುದ್ದಿಯ ಕೊರತೆ ಹೆಚ್ಚಾಗಿತ್ತು. ನಡೆದದ್ದನ್ನೆಲ್ಲ ಗೋಡೆಯ ಮೇಲಿಂದ ಆಗಿಂದಾಗ ಕನ್ನಡದಲ್ಲಿ ಖರ್ಚು ಮಾಡಿ, ಇಂಗ್ಲಿಷಿನ ಹೊತ್ತಿಗೆ ಬರಿಗೈಯಲ್ಲಿ ಕೂರುತ್ತಿದ್ದೆವು. ಅದಕ್ಕೆ ಒಂದು ಉಳಿತಾಯ ಯೋಜನೆ ತಯಾರಿಸಿದೆ. ಇನ್ನು ಮೇಲೆ ವಾರವಿಡೀ ಯಾರೂ ಯಾರಿಗೂ ಏನೂ ಹೇಳಬಾರದು. ಮನೆಯಲ್ಲಿ, ಓಣಿಯಲ್ಲಿ ಏನೇ ನಡೆಯಲಿ, ಹೊಟ್ಟೆಯಲ್ಲಿ ಇಟ್ಟುಕೊಂಡು ರವಿವಾರ ಸಂಜೆ ಇಂಗ್ಲಿಷಿನಲ್ಲಿಯೇ ಮೊದಲ ಸಲ ಹೇಳಬೇಕು. ಆಗ ಕೇಳುವವಳಿಗೆ ನಿಜವಾದ ಕುತೂಹಲ ಇರುತ್ತದೆ, ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ.

“ಹೊಟ್ಟಿ ಉಬ್ಬಿ ಸಾಯ್ತೀವಿ ನೋಡ” ಎಂದಳು ಸುರೇಖಾ. ಆದರೂ ಒಪ್ಪಿದಳು.

ಮೊದಲ ವಾರ ನಳದ ಹತ್ತಿರ ಕೊಡ ಇಟ್ಟುಕೊಂಡು ಇಬ್ಬರೂ ಬೇರೆ ಬೇರೆ ದಿಕ್ಕು ನೋಡುತ್ತಾ ನಿಂತೆವು. ಮೂರನೆಯ ದಿನಕ್ಕೆ ನಮ್ಮಿಬ್ಬರ ನಡುವೆ ಏನೋ ಆಗಿದೆ ಎಂದು ಓಣಿಗೆಲ್ಲ ಸುದ್ದಿ. ಆಯಿ ನನ್ನನ್ನು ಕರೆದು ಕೈಗೆ ಬೆಲ್ಲದ ಚೂರು ಕೊಟ್ಟು, “ತಪ್ಪ ಅಕೀದ ಇದ್ರೂ ನೀನ ಮದಲ ಮಾತಾಡವಾ ತಂಗಿ, ನೀ ಶ್ಯಾಣ್ಯಾಕಿ ಅದಿ” ಎಂದಳು. ಅತ್ತ ಸುರೇಖಾಳಿಗೂ ಇದೇ ಮಾತು, ಇದೇ ಬೆಲ್ಲ. ನಾವು ಬೆಲ್ಲ ತಿಂದು ಸುಮ್ಮನಿದ್ದೆವು.

ಆದರೆ ರವಿವಾರ ಬಂದಾಗ ನೋಡಬೇಕಿತ್ತು! ನಮ್ಮ ಎಮ್ಮೆ ಈದ ಸುದ್ದಿಯನ್ನು ನಾನು ತಡೆಯಿಲ್ಲದೆ ಇಂಗ್ಲಿಷಿನಲ್ಲಿ ಹೇಳಿದೆ. ಸುರೇಖಾ ಅದು ಹೆಣ್ಣೋ ಗಂಡೋ, ಬಣ್ಣ ಯಾವುದು, ರಾತ್ರಿಯೋ ಹಗಲೋ ಎಂದು ತಾನಾಗಿಯೇ ಕೇಳಿದಳು. ಕರು ಕೂಗುವುದು ಅವಳಿಗೆ ನಾಲ್ಕು ದಿನದಿಂದ ಗೋಡೆಯಾಚೆ ಕೇಳಿಸುತ್ತಲೇ ಇತ್ತು. ಪಾಪ, ನಿಯಮಕ್ಕೆ ಕಟ್ಟುಬಿದ್ದು ಕಿವಿ ಮುಚ್ಚಿಕೊಂಡಿದ್ದಳು. ಅವಳು ಕಂಡಕ್ಟರನ ಜಗಳ ಹೇಳಿದಳು. ನಾನು ಮಾವನ ಮಗ ಎರಡನೇ ಸಲ ಫೇಲಾದದ್ದನ್ನು ಹೇಳಿದೆ. ಇಂಗ್ಲಿಷಿನ ನಿಮಿಷಗಳು ವಾರದಿಂದ ವಾರಕ್ಕೆ ಏರಿದವು. ಡೈರಿಯಲ್ಲಿ ಆ ಕಾಲಂ ನೋಡಿದರೆ ನನಗೆ ನನ್ನ ಮೇಲೆ ಗೌರವ ಹುಟ್ಟುತ್ತಿತ್ತು.

ಹೀಗಿರುವಾಗ ಒಂದು ಗುರುವಾರ ಗೋಡೆಯಾಚೆಯಿಂದ ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬಂತು. ಯಾರೋ ಬೀಗರು ಬಂದಿರಬೇಕು, ಶಿರಾ ಮಾಡುತ್ತಿದ್ದಾರೆ. ಹೊರಗೆ ಒಂದು ಜೀಪು ನಿಂತಿತ್ತು. ಬೇರೆ ಕಾಲವಾಗಿದ್ದರೆ ನಾನು ಸಕ್ಕರೆ ಕೇಳುವ ನೆಪದಲ್ಲಿ ಒಳಗೆ ಹೋಗಿ, ಬಂದವರ ಚಪ್ಪಲಿ ಎಣಿಸಿ ಬರುತ್ತಿದ್ದೆ. ಆ ದಿನ ಹೋಗಲಿಲ್ಲ. ‘ಸುರೇಖಾಳ ಮನೆಗೆ ಅತಿಥಿಗಳು. ರವಿವಾರಕ್ಕೆ ಒಳ್ಳೆಯ ವಿಷಯ’ ಎಂದು ಬರೆದು ಮಲಗಿದೆ.

ರವಿವಾರ ಸುರೇಖಾ ಗೋಡೆಗೆ ಒರಗಿ ಕೂತು, ಸೆರಗಿನ ಅಂಚನ್ನು ಸುತ್ತುತ್ತಾ, “ಒನ್ ನ್ಯೂಸ್ ಈಸ್ ದೇರ್. ಮೈ ಮ್ಯಾರೇಜ್ ಈಸ್ ಫಿಕ್ಸ್ಡ್” ಎಂದಳು.

ಗಡಿಯಾರ ಓಡುತ್ತಿತ್ತು. ನಾನು, “ಕಂಗ್ರ್ಯಾಚುಲೇಶನ್ಸ್. ವಾಟ್ ಈಸ್ ಹಿಸ್ ಜಾಬ್?” ಎಂದೆ. ಹುಡುಗ ನಿಪ್ಪಾಣಿಯವನು, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಡೆ ಕ್ಲಾರ್ಕು, ಮನೆಯಲ್ಲಿ ಮರಾಠಿ. ಎತ್ತರವೇ? ಮಧ್ಯಮ. ತಮ್ಮಂದಿರು ಎಷ್ಟು? ಒಬ್ಬ. ಈ ಸಲ ಸುರೇಖಾ ನಗಲಿಲ್ಲ, ಪ್ರಶ್ನೆಗೊಂದು ಉತ್ತರ ಕೊಡುತ್ತಾ ಹೋದಳು. ನಾನೂ ಬಿಡದೆ ಕೇಳಿದೆ. ಹತ್ತು ನಿಮಿಷ ತುಂಬಿತು. ಗಡಿಯಾರ ಎತ್ತಿಕೊಂಡ ಮೇಲೆ ನನಗೆ ಅವಳು ಹೇಳಿದ್ದು ಕೇಳಿಸಿತು.

“ಲೇ ಸುರೇಖಿ! ಗುರುವಾರ ಗಟ್ಟಿಯಾದದ್ದನ್ನ ರವಿವಾರ ಹೇಳ್ತೀ? ಅದೂ ಇಂಗ್ಲಿಷ್‌ದಾಗ?”

“ನೀನ ಹೇಳಿದ್ಯಲ್ಲ, ಕೂಡಿಡು ಅಂತ.”

“ಕರಾ ಹಾಕಿದ್ದು, ಕಂಡಕ್ಟರ್ ಬೈದದ್ದು ಕೂಡಿಡು ಅಂದೀನಿ. ಲಗ್ನಾ ಕೂಡಿಡು ಅಂದೀನೇನ?”

“ನಿಯಮದಾಗ ಲಗ್ನಾ ಬ್ಯಾರೆ ಅಂತ ಬರದಿದ್ದೇನ ನೀ?”

ಮೂಲೆಯಿಂದ ಆಯಿ, “ಮೂರ ದಿನ ಗ್ವಾಡಿ ಮುಂದ ಹ್ವಾದ್ಲು, ಬಂದ್ಲು. ಹೋಗಿ ಹೇಳಬಾರದೇನ ಅಂದ್ರ ರವಿವಾರ ಹೇಳ್ತೀನಿ ಅಂದ್ಲು. ಸುಡಗಾಡ ರವಿವಾರ” ಎಂದಳು.

ಸುರೇಖಾ ಸೆರಗಿನ ಸುತ್ತು ಬಿಚ್ಚಿದಳು. “ಒಂದ ಲೆಕ್ಕಕ್ಕ ಚಲೋ ಆತ ಬಿಡು. ಕನ್ನಡದಾಗ ಹೇಳಿದ್ರ ಅಳು ಬರ್ತಿತ್ತ. ಇಂಗ್ಲಿಷ್‌ದಾಗ ಶಬ್ದಾ ಹುಡುಕೂದ್ರಾಗ ಅಳೂದ ಮರತ ಹೋಗ್ತೈತಿ” ಎಂದಳು. ಆಮೇಲೆ ಉಳಿದದ್ದನ್ನು ಕನ್ನಡದಲ್ಲಿ ಹೇಳಿದಳು. ನೌಕರಿ ಇರುವ ಸೊಸೆ ಬಂದರೆ ಅತ್ತೆಯಾಗುವವರ ಅಡ್ಡಿ ಇಲ್ಲವಂತೆ, ನಿಪ್ಪಾಣಿಯಿಂದ ಚಿಕ್ಕೋಡಿಗೆ ಬಸ್ಸಿಗೇನು ಕೊರತೆ ಎಂದರಂತೆ. ಆದರೆ ಮನೆ ತುಂಬಿದ ಮೇಲೆ ನೌಕರಿ ಹುಡುಕಿಕೊಂಡು ತಿರುಗುವ ಮಾತು ಬೇಡವಂತೆ. ಲಗ್ನ ಮೇ ತಿಂಗಳಲ್ಲಿ. ಅದರೊಳಗೆ ಇರುವ ಪರೀಕ್ಷೆ ಇದೊಂದೇ.

ಅಂದಿನಿಂದ ತಾಲೀಮು ದಿನಾಲು ನಡೆಯಿತು. ಗೊತ್ತಿರುವುದನ್ನು ಕೇಳಿದರೂ ಸುರೇಖಾ ಈಗ ನಗುತ್ತಿರಲಿಲ್ಲ. “ವಾಟ್ ಈಸ್ ಯುವರ್ ನೇಮ್?” ಎಂದರೆ ತನ್ನ ಹೆಸರನ್ನು ಹೊಸದಾಗಿ ಕೇಳಿದವಳಂತೆ ಹೇಳುತ್ತಿದ್ದಳು. ನೋಡುತ್ತಾ ಕೂತ ಆಯಿಗೆ ಮಾತ್ರ ಇದು ಜಗಳಕ್ಕಿಂತ ಕೆಟ್ಟದ್ದು ಎನಿಸಿರಬೇಕು. ಬೆಲ್ಲ ಕೊಡುವುದನ್ನೂ ನಿಲ್ಲಿಸಿದಳು.

ಪರೀಕ್ಷೆಯ ದಿನ ಸಾಹೇಬರು, ಬಿಳಿ ಕೂದಲಿನ ನಿವೃತ್ತ ಪ್ರಾಧ್ಯಾಪಕರು, ಕುರ್ಚಿ ತೋರಿಸಿ, ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಂಡು ಮಾತಾಡಿರಿ ಎಂದರು. ನಾನು ಹೆಸರು ಕೇಳಿದೆ. ಸುರೇಖಾ ಹೇಳಿ, ನನ್ನದು ಕೇಳಿದಳು. ಅಣ್ಣ ಇರುವುದು ತಿಳಿದು ನನಗೆ ಸಂತೋಷವಾಯಿತು. ಅವಳ ಮದುವೆ ಗೊತ್ತಾಗಿದೆ ಎಂದು ಕೇಳಿ “ಓ! ಐ ಡಿಡ್ ನಾಟ್ ನೋ!” ಎಂದು ಹುಬ್ಬೇರಿಸಿದೆ. ಮದುವೆಯ ನಂತರವೂ ಕೆಲಸ ಮಾಡುತ್ತೀಯಾ ಎಂದು ಕೇಳಿದಾಗ ಅವಳು ನನ್ನ ಬದಲು ಸಾಹೇಬರ ಕಡೆ ನೋಡಿ, “ಇಫ್ ಐ ಗೆಟ್ ದಿಸ್ ಜಾಬ್” ಎಂದಳು. ಅದನ್ನು ನಾವು ತಾಲೀಮಿನಲ್ಲಿ ಮಾಡಿರಲಿಲ್ಲ.

ಸಾಹೇಬರಿಗೆ ಬಹಳ ಹಿಡಿಸಿತು. ಸಾಮಾನ್ಯವಾಗಿ ಗೆಳತಿಯರನ್ನು ಜೋಡಿ ಮಾಡಿಕೊಂಡು ಬಂದವರು ನಕ್ಕು ಕೆಡಿಸುತ್ತಾರೆ, ನೀವು ಎಷ್ಟು ಸೌಜನ್ಯದಿಂದ ಮಾತಾಡಿದಿರಿ ಎಂದು ಹೊಗಳಿ, ನನ್ನ ಕಡೆ ತಿರುಗಿ ಕೇಳಿದರು: ನೀವಿಬ್ಬರೂ ಇಲ್ಲಿಯೇ, ಇವತ್ತೇ ಭೇಟಿಯಾದದ್ದಲ್ಲವೇ?

“ಯೆಸ್ ಸರ್” ಎಂದೆ.

ಯಾಕೆ ಹಾಗೆಂದೆ ಎಂದು ಕೇಳಬೇಡಿ. ಪರೀಕ್ಷಕರ ಮಾತಿಗೆ ಎದುರಾಡಬಾರದು ಎಂದು ಗೈಡಿನಲ್ಲಿತ್ತು. ಹೊಗಳಿಕೆ ಕೈಜಾರಿದರೆ ಅವಳ ನೌಕರಿಯೂ ಜಾರೀತು ಎಂಬ ಹೆದರಿಕೆಯೂ ಇತ್ತು. ಪಕ್ಕದ ಕುರ್ಚಿಯ ಕಡೆ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಸುರೇಖಾ ಕಿಟಕಿಯ ಹತ್ತಿರ ಕೂತಳು. ಬಹಳ ಹೊತ್ತಿನ ಮೇಲೆ, ಸುತ್ತಲಿನವರಿಗೆ ಕೇಳುವಂತೆ, “ಯಾವೂರ್ರಿ ನಿಮ್ದು?” ಎಂದಳು.

“ಲೇ, ಸುಮ್ಕಿರ.”

“ಊರ ಕೇಳಿದ್ರ ಸಿಟ್ಯಾಕ್ರಿ?”

“…ಅಂಕಲಿ.”

“ಹೌದ್ರಿ? ನಮ್ದೂ ಅಂಕಲಿನ. ಎಂದೂ ನೋಡಿದಂಗ ಇಲ್ಲಲ್ರಿ!”

ಮುಂದಿನ ಸೀಟಿನ ಮುದುಕಿ ತಿರುಗಿ, ಒಂದೇ ಊರಿನವರಾಗಿ ಗುರುತಿಲ್ಲವೇ ಎಂದು ನಮ್ಮಿಬ್ಬರ ಮನೆತನ ಕೇಳಿ ನಮಗೆ ಪರಸ್ಪರ ಪರಿಚಯ ಮಾಡಿಸಿಕೊಟ್ಟಳು.

ಇಬ್ಬರಿಗೂ ನೌಕರಿ ಸಿಕ್ಕಿತು. ಬಸ್ಸಿನಲ್ಲಿ ಶುರುವಾದ ಅವಳ ಆ ‘ರಿ’ ಮಾತ್ರ ಹೋಗಲಿಲ್ಲ. ಅವಳ ಲಗ್ನದಲ್ಲಿ ನಾನು ಮೂರು ದಿನ ಉಂಡೆ. “ಊಟಾ ಆತೇನ್ರಿ?” ಎಂದು ಮದುಮಗಳೇ ಬಂದು ವಿಚಾರಿಸಿದಳು. ಜೂನಿನಲ್ಲಿ ಶಾಲೆ ಶುರುವಾದ ಮೇಲೆ ನನಗೆ ಇನ್ನೂ ಕಷ್ಟವಾಯಿತು. ಅಲ್ಲಿ ಮಕ್ಕಳ ಮುಂದೆ ಎಲ್ಲರಿಗೂ ಎಲ್ಲರೂ ‘ರಿ’. ಅವಳದು ಸಿಟ್ಟಿನದೋ ಶಿಸ್ತಿನದೋ ಬೇರ್ಪಡಿಸುವುದು ಹೇಗೆ? ಶಿಕ್ಷಕರ ಕೋಣೆಯಲ್ಲಿಯಾದರೂ ಕೇಳೋಣವೆಂದರೆ ಆವರಣದೊಳಗೆ ಇಂಗ್ಲಿಷೇ ಆಡಬೇಕೆಂಬ ನಿಯಮ. ಒಂದು ದಿನ ಧೈರ್ಯ ಮಾಡಿ ಇಂಗ್ಲಿಷಿನಲ್ಲಿಯೇ ಕೇಳಿದೆ, ನನ್ನ ಮೇಲೆ ಸಿಟ್ಟಿದೆಯೇ ಎಂದು. “ನೋ, ಐ ಆ್ಯಮ್ ನಾಟ್ ಆ್ಯಂಗ್ರಿ ವಿತ್ ಯೂ. ವೈ ಡು ಯೂ ಆಸ್ಕ್?” ಎಂದಳು. ಅಷ್ಟು ಪೂರ್ತಿಯಾದ ಉತ್ತರ ಕೇಳಿ ನನಗೆ ಹೆದರಿಕೆಯೇ ಆಯಿತು. ಸುರೇಖಾ ನಿಜ ಹೇಳುವಾಗ ಎಂದೂ ಮಾತು ಪೂರ್ತಿ ಮಾಡಿದವಳಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಕನ್ನಡದಲ್ಲಿ ಕೇಳೋಣವೆಂದರೆ ದಿನಾಲು ನಿಪ್ಪಾಣಿ ಬಸ್ಸೇ ಮೊದಲು ಬರುತ್ತದೆ. ಆ ಸಂಜೆಯೂ ಅದೇ ಮೊದಲು ಬಂತು. ಅವಳು ಹತ್ತಿದಳು. ನಾನೂ ಹತ್ತಿ ಪಕ್ಕಕ್ಕೆ ಕೂತೆ. ಬಸ್ಸು ಹೊರಟ ಮೇಲೆ ಅವಳು ಕಿಟಕಿಯಿಂದ ಈ ಕಡೆ ತಿರುಗಿ, ನನ್ನನ್ನು ನೋಡಿ ಬೆಚ್ಚಿಬಿದ್ದಳು.

“ಲೇ ಹುಚ್ಚಿ, ಇದು ನಿಪ್ಪಾಣಿ ಬಸ್. ನಿಮ್ಮೂರು ಆ ಕಡೆ ಐತಿ!”

ನಮ್ಮೂರು ಎನ್ನದೆ ನಿಮ್ಮೂರು ಎಂದದ್ದು ಕಿವಿಗೆ ಬಿತ್ತು. ಆದರೆ ಮೊದಲು ಬಂದದ್ದು ‘ಲೇ’. ಅದೊಂದನ್ನೇ ಲೆಕ್ಕಕ್ಕೆ ಹಿಡಿದು ನಿಪ್ಪಾಣಿಯವರೆಗೆ ಟಿಕೆಟ್ ತೆಗೆಸಿದೆ. ಅಲ್ಲಿಂದ ತಿರುಗಿ ಬರಲು ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನು, ಎಲ್ಲ ಬಸ್ಸುಗಳ ವೇಳೆ ಬರೆದಿಡುವ ನಾನು, ಕೇಳಿಕೊಂಡಿರಲಿಲ್ಲ.