ಮಣ್ಣಿಲ್ಲದ ಹೊಲವೂ ಮುಧೋಳದ ಬೀಗರೂ

ಗಿಡದ ಬುಡದಲ್ಲಿ ಮಣ್ಣಿದ್ದರೆ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಮಣ್ಣು ತೆಗೆದು ನೀರು ಇಡಿ, ಹಾದಿಯಲ್ಲಿ ಹೋಗುವವರೆಲ್ಲ ಅದರೊಳಗೆ ಏನಾದರೊಂದು ಹಾಕಿಯೇ ಮುಂದೆ ಹೋಗುತ್ತಾರೆ. ಜಮಖಂಡಿ ಇನ್ನೂ ಸಂಸ್ಥಾನವಾಗಿದ್ದ ಕೊನೆಯ ದಿನಗಳಲ್ಲಿ ಇಂಥದೊಂದು ತೊಟ್ಟಿಯನ್ನು ಕಾಯುವ ಕೆಲಸ ನನಗೆ ಬಂದಿತ್ತು. ಅದರೊಳಗೆ ಹಾಕಿದವರಲ್ಲಿ ಕೆಟ್ಟ ಮನಸ್ಸಿನವರು ಒಬ್ಬರೂ ಇರಲಿಲ್ಲ. ಕೆಟ್ಟವರಾಗಿದ್ದರೆ ಬೈದು ಓಡಿಸಬಹುದಿತ್ತು.

೧. ಪಟಾಕಿ, ಜುಲಾಬು, ಬಣ್ಣ

ನಾನು ಸಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಊರ ಹೊರಗೆ ವಾಡೆ ಕಟ್ಟಿಕೊಂಡಿದ್ದ ಒಬ್ಬ ಸರದಾರರಿದ್ದರು. ಲಡಾಯಿಯ ಕಾಲಕ್ಕೆ ಪಲ್ಟನ್ನಿನವರು ಮಣ್ಣೇ ಇಲ್ಲದ ದ್ವೀಪದಲ್ಲಿ ಜಲ್ಲಿಕಲ್ಲು ಹರವಿ, ಗೊಬ್ಬರದ ಉಪ್ಪು ಕರಗಿಸಿದ ನೀರು ಬಿಟ್ಟು ಟಮಾಟಿ ಬೆಳೆದರೆಂದು ಅವರು ಪತ್ರಿಕೆಯಲ್ಲಿ ಓದಿದರು. ಓದಿ ಮುಗಿಸಿ, ಕನ್ನಡಕ ತೆಗೆದಿಟ್ಟು, ನನಗೆ ಹೇಳಿ ಕಳಿಸಿದರು. ಸರದಾರರ ಸ್ವಂತ ಭೂಮಿ ಕೃಷ್ಣೆಯ ದಂಡೆಯ ತನಕ ಹಬ್ಬಿದ ಕಪ್ಪು ಎರೆ. ಕೋಲು ನೆಟ್ಟರೂ ಚಿಗುರುವಂಥದು. ಅದನ್ನು ಬಿಟ್ಟು ವಾಡೆಯ ಹಿತ್ತಿಲಲ್ಲಿ ತೊಟ್ಟಿ ಕಟ್ಟಿಸಿ ಜಲ್ಲಿ ತುಂಬಿಸಿದರು. ಗಾರೆಯ ಸುಣ್ಣ ನೀರಿಗೆ ಬಿಡಬಾರದೆಂದು ನಾನು ಒಳಗೆಲ್ಲ ಡಾಂಬರು ಬಳಿಸಿದೆ. ಸುಣ್ಣದ ಭಯ ನನಗೆ ಮೊದಲಿನಿಂದಲೂ ಇತ್ತು.

ಗಿಡದ ಊಟವನ್ನು ಊರೂರು ಅಲೆದು ಕೂಡಿಸಿದೆ. ಪೆಟ್ಲುಪ್ಪು ಪಟಾಕಿ ಮಾಡುವವನಿಂದ ಬಂತು. ಹೊಟ್ಟೆ ತೊಳೆಯಲು ಕೊಡುವ ಜುಲಾಬಿನ ಉಪ್ಪು ದವಾಖಾನೆಯಿಂದ ಬಂತು. ಕಬ್ಬಿಣಕ್ಕೆಂದು ಅನ್ನಭೇದಿ, ನೀರು ಹುಳಿ ಮಾಡಲು ಗಂಧಕದ ಆಸಿಡ್, ಇವೆರಡೂ ರಬಕವಿಯ ನೇಕಾರರಿಗೆ ಬಣ್ಣ ಮಾರುವ ಅಂಗಡಿಯಿಂದ ಬಂದವು. ಆಮೇಲೆ ಉಳಿದ ಕೆಲಸ ಎರಡೇ. ನೀರಿನಲ್ಲಿ ಉಪ್ಪು ಎಷ್ಟು ಗಟ್ಟಿಯಿದೆ ಎಂದು ನೋಡುವುದು, ನೀರು ಎಷ್ಟು ಹುಳಿಯಿದೆ ಎಂದು ನೋಡುವುದು. ಉಪ್ಪು ಹೆಚ್ಚಾದರೆ ಎಲೆ ಸುಡುತ್ತದೆ. ಹುಳಿ ಕಡಿಮೆಯಾದರೆ ಕಬ್ಬಿಣ ತಳಕ್ಕೆ ಕೂತು ಗಿಡಕ್ಕೆ ಸಿಗದೆ ಎಲೆ ಹಳದಿಯಾಗುತ್ತದೆ. ನೀಲಿ ಲಿಟ್ಮಸ್ ಕಾಗದ ಅದ್ದಿದರೆ ತುಸು ಗುಲಾಬಿಯಾಗಬೇಕು, ಅಷ್ಟೇ.

ಇದೇ ಹೊತ್ತಿಗೆ ನಾನು ಮುಧೋಳಕ್ಕೆ ಹೋಗಿ ಹೆಣ್ಣು ನೋಡಿ ಬಂದೆ. ತೊಟ್ಟಿಯ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಏನಾದರೂ ಕೇಳುವುದಿದ್ದರೆ ಕೇಳು ಎಂದು ಹಿರಿಯರು ರೂಢಿಗೆ ಅಂದರೆ, ಆ ಹುಡುಗಿ ತಲೆ ಎತ್ತಿ, ಮಣ್ಣಿಲ್ಲದ ಗಿಡಕ್ಕೆ ಬೇರು ಇರುತ್ತವೆಯೇ ಎಂದು ಕೇಳಿಯೇ ಬಿಟ್ಟಳು. ಇಡೀ ಜಮಖಂಡಿಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ಮದುವೆಯಾದರೆ ಈಕೆಯನ್ನೇ ಎಂದು ಅಲ್ಲೇ ಮನಸ್ಸು ಮಾಡಿದೆ. ಆಕೆಯ ತಂದೆ ಕಬ್ಬು ಬೆಳೆಯುವ ಗೌಡರು. ನನ್ನ ಹೆಸರಿನಲ್ಲಿ ಒಂದು ಗೇಣು ಹೊಲವಿಲ್ಲವೆಂದು ಅವರಿಗೆ ಗೊತ್ತಿತ್ತು.

"ಹೊಲಾ ನೋಡದ ಹೆಣ್ಣ ಕೊಡೂ ರೂಢಿ ನಮ್ಮಲ್ಲಿಲ್ಲ ಮಾಸ್ತರ. ಆ ನಿಮ್ಮ ನೀರಿನ ಹೊಲಾನ ನೋಡ್ತೀನಿ. ಟಮಾಟಿ ಕೆಂಪಾದ್ರ ಹೇಳಿ ಕಳಸ್ರಿ. ಆಗದಿದ್ರ ಹೇಳಿ ಕಳಸೂದ ಬ್ಯಾಡ," ಅಂದರು.

ಅಂದಿನಿಂದ ಸರದಾರರ ಹವ್ಯಾಸ ನನ್ನ ಸಂಸಾರದ ಪ್ರಶ್ನೆಯಾಯಿತು.

೨. ಆಗ್ರಹದ ಊಟ

ತೊಟ್ಟಿಯ ದೇಖರೇಖಿ ನೋಡಲು ವಾಡೆಯ ಮಾಳಿಯಿದ್ದ. ಗಿಡಗಳ ಮೇಲೆ ಅವನಿಗೆ ಮಕ್ಕಳ ಮೇಲಿನಷ್ಟು ಪ್ರೀತಿ. ನಾನು ಅಕ್ಕಸಾಲಿಗರ ತಕ್ಕಡಿಯಲ್ಲಿ ಉಪ್ಪು ತೂಗಿ ಪುಡಿಕೆ ಕಟ್ಟಿ ಕೊಡುತ್ತಿದ್ದೆ. ವಾರಕ್ಕೊಂದು ಪುಡಿಕೆ ಹಾಕು, ಬಿಸಿಲಿಗೆ ನೀರು ಇಂಗಿದರೆ ಬರೀ ಬಾವಿಯ ನೀರು ತುಂಬು ಎಂದು ಹೇಳಿದ್ದೆ. ಅವನು ತಲೆಯಾಡಿಸಿದ್ದ.

ಸ್ವಲ್ಪ ದಿನಕ್ಕೆ ಎಲೆಯ ಅಂಚೆಲ್ಲ ಸುಟ್ಟು ಸುರುಳಿಯಾದವು. ನೀರು ನಾಲಿಗೆಗೆ ಹಚ್ಚಿದೆ. ಸಮುದ್ರ ನಾನು ನೋಡಿಲ್ಲ, ಅಂದು ರುಚಿ ಮಾತ್ರ ನೋಡಿದೆ. ಮಾಳಿಯನ್ನು ಕರೆದು ಕೇಳಿದರೆ ಅವನು ಸ್ವಲ್ಪವೂ ಮುಚ್ಚಿಡಲಿಲ್ಲ. ಪುಡಿಕೆ ಹಾಕಿದ ಮೇಲೆ ಚೀಲದಿಂದ ಇನ್ನೊಂದು ಬೊಗಸೆ ಹಾಕುತ್ತಿದ್ದನಂತೆ. ಯಾಕೆ ಎಂದೆ.

"ಒಂದ ರೊಟ್ಟಿ ಬಡಿಸಿ ಪಂಕ್ತಿಯಿಂದ ಯಾರನ್ನರ ಎಬ್ಬಸ್ತಾರೇನ್ರಿ? ಬ್ಯಾಡ ಬ್ಯಾಡ ಅಂದ್ರೂ ಇನ್ನೊಂದ ಹಾಕಬೇಕು. ಇವರೇನ ಬ್ಯಾಡ ಅಂತನೂ ಅನಲಿಲ್ಲರಿ."

ನಮ್ಮ ಕಡೆ ಊಟಕ್ಕೆ ಕೂತವರಿಗೆ ಆಗ್ರಹ ಮಾಡದಿದ್ದರೆ ಅದು ಊಟವೇ ಅಲ್ಲ. ಇಂಥ ನಾಡಿನಲ್ಲಿ ಗಿಡಕ್ಕೆ ತೂಕದ ಊಟ ಹಾಕು ಎಂದವನು ನಾನೇ ತಪ್ಪಿತಸ್ಥ. ತೊಟ್ಟಿ ಬರಿದು ಮಾಡಿಸಿ, ಗಿಡಕ್ಕೆ ಅಜೀರ್ಣವಾಗಿದೆ, ನಾ ಹೇಳುವ ತನಕ ಬರೀ ನೀರು ಎಂದೆ. ಈ ಮಾತು ಅವನಿಗೆ ತಟ್ಟನೆ ತಿಳಿಯಿತು. ಗಿಡ ಉಪವಾಸವಿರುವಾಗ ತಾನು ಹೇಗೆ ಉಣ್ಣಲಿ ಎಂದು ಅವನೂ ಒಂದು ಹೊತ್ತಿನ ಊಟ ಬಿಟ್ಟ. ಎಲೆ ಚೇತರಿಸಿಕೊಂಡವು, ಮಾಳಿ ಸೊರಗಿದ. ಇಂದಿನಿಂದ ಮತ್ತೆ ಉಪ್ಪು ಹಾಕಬಹುದು ಎಂದು ನಾನು ಹೇಳಿದ ದಿನ ಅವನು ಮಿಂದು, ಮಡಿ ಧೋತರ ಉಟ್ಟು ಬಂದು ನಿಂತ.

"ಪಾರಣಿಗೆ ಏನ ಮಾಡಸೂಣ್ರಿ?"

೩. ಹುಳಿಗೆ ಬೆಲ್ಲ

ನಮ್ಮ ಬಾವಿಯ ನೀರು ಗಡಸು. ಎಷ್ಟು ಹುಳಿ ಮಾಡಿದರೂ ಮೂರು ದಿನದಲ್ಲಿ ಮೊದಲಿನಂತಾಗುತ್ತದೆ. ಒಮ್ಮೆ ಆಸಿಡ್ ಮುಗಿದು, ರಬಕವಿಯಿಂದ ಬರಬೇಕಾದ ಚಕ್ಕಡಿ ತಡವಾಯಿತು. ವಾಡೆಯ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ನೀರಿನಲ್ಲಿ ಹುಳಿ ಕಡಿಮೆಯಾಗಿದೆ, ಏನು ಮಾಡಲಿ ಎಂದು ನನ್ನಷ್ಟಕ್ಕೆ ಬಾಯಿಬಿಟ್ಟು ಅಂದುಕೊಂಡೆ. ಒಳಗೆ ಅಡುಗೆಯ ಭಟ್ಟರಿದ್ದರು. ಅವರ ಕೈಯ ಅಡುಗೆಯಲ್ಲಿ ಹುಳಿ ಕಡಿಮೆಯೆಂದು ಆ ವಾಡೆಯಲ್ಲಿ ಯಾರೂ ಅಂದದ್ದಿಲ್ಲ. ಅವರು ಇದನ್ನು ಮರ್ಯಾದೆಯ ಪ್ರಶ್ನೆ ಮಾಡಿಕೊಂಡರು.

ಮರುದಿನ ಬೆಳಿಗ್ಗೆ ಹೋಗಿ ಕಾಗದ ಅದ್ದಿದೆ. ಬೇಕಾದಷ್ಟೇ ಗುಲಾಬಿ. ದೇವರು ಕಣ್ಣು ಬಿಟ್ಟನೆಂದುಕೊಂಡು ಬಗ್ಗಿ ನೋಡಿದರೆ ತೊಟ್ಟಿಯ ಅಂಚಿನುದ್ದಕ್ಕೂ ಇರುವೆಯ ಸಾಲು. ನೀರು ಕಂದು ಬಣ್ಣಕ್ಕೆ ತಿರುಗಿ ಹಬ್ಬದ ದಿನದ ವಾಸನೆ ಬರುತ್ತಿತ್ತು. ಭಟ್ಟರು ಬರಿ ಹೆಗಲಿಗೆ ಪಂಚೆ ಹೊದ್ದು ಹಿಂದೆಯೇ ನಿಂತಿದ್ದರು. ಹುಣಸೆಹಣ್ಣು ನೆನೆಸಿ, ಹಿಂಡಿ, ಸೋಸಿ ಹಾಕಿದ್ದಾಗಿ ಹೇಳಿದರು. ಹುಣಸೆಹಣ್ಣಿಗೆ ಇರುವೆ ಯಾಕೆ ಬಂದವು ಎಂದು ಕೇಳಿದೆ. ಇವನು ಸಾಲೆಯಲ್ಲಿ ಏನು ಕಲಿಸುತ್ತಾನೆ ಎಂಬಂತೆ ನನ್ನ ಮುಖ ನೋಡಿದರು.

"ಹುಳಿ ಹಾಕಿದ ಮ್ಯಾಲ ಬೆಲ್ಲಾ ಹಾಕದ ಬಿಡ್ತಾರೇನ್ರಿ?"

ಸಂಜೆಯೊಳಗೆ ನೊರೆ ಬಂತು. ಎರಡನೆಯ ಸಲ ತೊಟ್ಟಿ ಬರಿದು ಮಾಡಿಸಿದೆ. ನನಗೆ ಅಳು ಬರುವುದೊಂದು ಬಾಕಿ. ಆ ಹೊತ್ತಿಗೆ ಸರದಾರರು ಬಂದು, ಗಾಳಿಯಲ್ಲಿ ಮೂಗು ಎತ್ತಿ, ಇದೆಂಥ ವಾಸನೆ ಎಂದು ವಿಚಾರಿಸಿದರು. ಭಟ್ಟರು ಕೈಮುಗಿದು, ಒಗ್ಗರಣೆ ಒಂದು ಉಳಿದಿದೆ, ಅದನ್ನು ಮಾತ್ರ ಮಾಸ್ತರರನ್ನು ಕೇಳಿಯೇ ಕೊಡೋಣವೆಂದು ಬಿಟ್ಟಿದ್ದೇನೆ ಎಂದರು.

೪. ಗಟ್ಟಿ ನದರ

ಕಾಯಿ ಕಟ್ಟಿತು. ಸಾವಳಗಿಯಿಂದ ಸಂತೆಗೆ ಬಂದವರು ಸಹ ವಾಡೆಗೆ ಹಾದು, ಕಲ್ಲಿನಲ್ಲಿ ಬೆಳೆದ ಕಾಯಿ ನೋಡಿ, ಬಾಯ ಮೇಲೆ ಬೆರಳಿಟ್ಟುಕೊಂಡು ಹೋಗುತ್ತಿದ್ದರು. ಅಷ್ಟರಲ್ಲಿ ಹೊಸ ಚಿಗುರೆಲ್ಲ ಹಳದಿಯಾಗತೊಡಗಿತು. ಕಾಗದ ಅದ್ದಿದರೆ ನೀಲಿ ನೀಲಿಯಾಗಿಯೇ ಉಳಿಯಿತು. ಆಸಿಡ್ ಹನಿಸಿದೆ, ಗುಲಾಬಿಯಾಯಿತು. ಮರುದಿನ ಮತ್ತೆ ನೀಲಿ. ಬಾವಿಯ ನೀರು ಎಷ್ಟು ಗಡಸಾದರೂ ಒಂದೇ ದಿನಕ್ಕೆ ಹೀಗಾಗುವುದಿಲ್ಲ. ಮುಧೋಳದ ಗೌಡರಿಗೆ ಹೇಳಿ ಕಳಿಸುವ ದಿನ ಬರುವುದೇ ಇಲ್ಲವೆಂದುಕೊಂಡೆ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋದರೆ ಮಾಳಿಯ ಹೆಂಡತಿ ತೊಟ್ಟಿಯ ಮುಂದೆ ತಾಟು ಹಿಡಿದು ನಿಂತಿದ್ದಳು. ತಾಟಿನಲ್ಲಿ ಅರಿಸಿನಕ್ಕೆ ಸುಣ್ಣ ಕಲಸಿದ ಕೆಂಪು ನೀರು. ಗಿಡಗಳಿಗೆ ಮೂರು ಸುತ್ತು ಇಳಿ ತೆಗೆದು, ಆ ನೀರನ್ನು ಸೀದಾ ತೊಟ್ಟಿಗೆ ಸುರಿದಳು. ದೃಷ್ಟಿ, ನಮ್ಮ ಕಡೆಯ ಮಾತಿನಲ್ಲಿ ನದರು, ತೆಗೆದ ನೀರು ಯಾರೂ ತುಳಿಯದ ಕಡೆ ಚೆಲ್ಲಬೇಕಲ್ಲ. ಇಡೀ ವಾಡೆಯಲ್ಲಿ ಯಾರೂ ಕಾಲಿಡಬಾರದೆಂದು ನಾನೇ ಕಟ್ಟಪ್ಪಣೆ ಮಾಡಿದ್ದ ಜಾಗ ಅದೊಂದೇ.

ವಿಚಾರಿಸಿದೆ. ಮೊದಲು ಮಂಗಳವಾರ ಮಾತ್ರ ತೆಗೆಯುತ್ತಿದ್ದಳಂತೆ. ಗಿಡ ಹಳದಿಯಾದವು, ಶುಕ್ರವಾರವೂ ತೆಗೆದಳು. ಇನ್ನೂ ಹಳದಿಯಾದವು, ದಿನಾ ತೆಗೆಯತೊಡಗಿದಳು. ನಾನು ಅಲ್ಲೇ ಕೂತು, ಸುಣ್ಣ ಬಿದ್ದರೆ ನೀರಿನ ಹುಳಿ ಸಾಯುತ್ತದೆ, ಕಬ್ಬಿಣ ಗಿಡಕ್ಕೆ ಸಿಗುವುದಿಲ್ಲ, ಎಲೆ ಹಳದಿಯಾಗುವುದೇ ಅದರಿಂದ ಎಂದು ಸಾಲೆಯಲ್ಲಿ ಹೇಳುವಂತೆ ಬಿಡಿಸಿ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ಹಾಗಾದರೆ ನದರು ನಾನು ತಿಳಿದದ್ದಕ್ಕಿಂತ ಗಟ್ಟಿಯಾಗಿದೆ, ಸುಣ್ಣ ಇನ್ನಷ್ಟು ಬೇಕು ಎಂದಳು.

ವಿಜ್ಞಾನ ಬಿಟ್ಟು ರಾಜಿಗೆ ಬಂದೆ. ನದರು ಇರುವುದು ಖರೆ, ತೆಗೆಯುವುದೂ ಖರೆ, ಆದರೆ ನೀರನ್ನು ಮೂಲೆಯ ಬೇವಿನ ಬುಡಕ್ಕೆ ಚೆಲ್ಲು, ಬೇವು ಎಂಥದನ್ನೂ ತಡೆಯುತ್ತದೆ ಎಂದೆ. ಬೇವಿನ ಮಾತಿಗೆ ಆಕೆ ಒಪ್ಪಿದಳು. ಚಿಗುರು ಮತ್ತೆ ಹಸಿರಾಯಿತು. ಶಿವರಾತ್ರಿಯ ಹೊತ್ತಿಗೆ ಊರಿನ ಎಲ್ಲ ಬೇವಿನಂತೆ ಆ ಬೇವೂ ಎಲೆ ಹಳದಿ ಮಾಡಿ ಉದುರಿಸಿತು. ಆಕೆ ನನ್ನನ್ನು ಕೈಮಾಡಿ ಕರೆದು ಬೋಳು ಮರ ತೋರಿಸಿದಳು.

"ನೋಡ್ರಿ ಮಾಸ್ತರ. ಇದನ್ನ ನಿಮ್ಮ ಸಣ್ಣ ಗಿಡಾ ಹೆಂಗ ತಡಕೋತಿದ್ವು?"

೫. ಹೊಲ ನೋಡುವ ಶಾಸ್ತ್ರ

ಟಮಾಟಿ ಕೆಂಪಾದವು. ಹೇಳಿ ಕಳಿಸಿದೆ. ಗೌಡರು ಹೆಂಡತಿಯನ್ನು ಕರೆದುಕೊಂಡು ಮುಧೋಳ ಸಂಸ್ಥಾನದ ಗಡಿ ದಾಟಿ ಚಕ್ಕಡಿಯಲ್ಲಿ ಬಂದರು. ತಂದೆಯಿಲ್ಲದ ನನಗೆ ಹಿರಿಯರಾಗಿ ಸರದಾರರೇ ರುಮಾಲು ಸುತ್ತಿಕೊಂಡು ನಿಂತರು. ಬೆಳಿಗ್ಗೆಯಿಂದ ನಾನು ಎಷ್ಟು ಸಲ ಕಾಗದ ಅದ್ದಿದೆನೋ ಲೆಕ್ಕವಿಲ್ಲ. ಎಲ್ಲವೂ ಗುಲಾಬಿ.

ಹೊಲ ನೋಡಲು ಬಂದ ಬೀಗರು ಮೊದಲು ಒಂದು ಹಿಡಿ ಮಣ್ಣು ಎತ್ತಿ, ತಿಕ್ಕಿ, ಮೂಸಿ ನೋಡುವುದು ವಾಡಿಕೆ. ಗೌಡರು ತೊಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಒಂದು ಹಿಡಿ ಜಲ್ಲಿ ಎತ್ತಿದರು. ತಿಕ್ಕಿದರು. ಮೂಸಿದರು. ಒಂದು ಕಲ್ಲು ಹಲ್ಲಿಗೆ ಹಚ್ಚಿಯೂ ನೋಡಿದರು. ಎಷ್ಟು ಆಳದ ತನಕ ಹೀಗೇ ಇದೆ ಎಂದು ಕೇಳಿದರು. ಮೊಳಕೈ ತನಕ ಎಂದೆ. ಅದರ ಕೆಳಗೆ? ಡಾಂಬರು ಎಂದೆ. ಗೌಡರು ಜಲ್ಲಿಯನ್ನು ತೊಟ್ಟಿಗೆ ಹಾಕಿ ಕೈ ಝಾಡಿಸಿದರು. ಆಮೇಲೆ ಒಂದು ಹಣ್ಣು ಕಿತ್ತು, ಧೋತರದ ಚುಂಗಿಗೆ ಒರೆಸಿ, ಪೂರ್ತಿ ತಿಂದರು.

"ಛಲೋ ಐತಿ," ಅಂದರು. "ಡಾಂಬರಿನಾಗ ಬೆಳ್ಯಾಂವ ಎಲ್ಲಿ ಒಗದ್ರೂ ಬದುಕ್ತಾನ. ಹೆಣ್ಣ ಕೊಟ್ಟೇನಿ."

ಹಿರಿಯರು ಜ್ಯೇಷ್ಠದಲ್ಲಿ ಮುಹೂರ್ತವೆಂದು ಅಲ್ಲೇ ಗೊತ್ತು ಮಾಡಿದರು. ನನಗೆ ಆದ ಸಂತೋಷ ಹೇಳಲು ಬರುವುದಿಲ್ಲ. ಹೇಳಲು ಸಮಯವೂ ಸಿಗಲಿಲ್ಲ. ಗೌಡರ ಹೆಂಡತಿ ಗಿಡಗಳನ್ನೂ ನನ್ನನ್ನೂ ಒಂದೇ ಸಲ ಮೇಲಿಂದ ಕೆಳಗೆ ನೋಡಿ, ಇಷ್ಟು ಜನ ನೋಡಿದ ಮೇಲೆ ನದರು ತಾಗದೆ ಇರುತ್ತದೆಯೇ ಎಂದು ಅರಿಸಿನ ಸುಣ್ಣ ತರಿಸಿದರು. ನನ್ನನ್ನು ಗಿಡಗಳ ನಡುವೆ ನಿಲ್ಲಿಸಿ ಇಳಿ ತೆಗೆದರು. ತಾಟು ಹಿಡಿದು, ಯಾರೂ ತುಳಿಯದ ಜಾಗಕ್ಕಾಗಿ ಅತ್ತಿತ್ತ ನೋಡಿದರು. ಮಾಳಿಯ ಹೆಂಡತಿ ಬೇವಿನ ಕಡೆ ಕೈ ಎತ್ತಿದಳು, ಆದರೆ ಅದು ಬೋಳಾಗಿ ನಿಂತಿತ್ತು. ಶುಭದ ದಿನ ಬೋಳು ಮರವೇ ಎಂದು ಗೌಡತಿ ಅತ್ತ ತಿರುಗಲೂ ಇಲ್ಲ. ತೊಟ್ಟಿಯ ಮೇಲೆ ತಾಟು ಹಿಡಿದು ನನ್ನ ಮುಖ ನೋಡಿದರು. ಮಾಳಿ ನನ್ನ ಮುಖ ನೋಡಿದ. ಸರದಾರರು ಆಕಾಶ ನೋಡಿದರು.

"ಹಾಕ್ರಿ ಅತ್ತಿಯಾರ," ಅಂದೆ.

ತಾಟು ದೊಡ್ಡದಿತ್ತು. ಆ ವಾರದ ಕೊನೆಗೆ ಗಿಡಗಳು ಎಂದೂ ಆಗದಷ್ಟು ಹಳದಿಯಾದವು. ರಬಕವಿಯ ಅಂಗಡಿಯಲ್ಲಿ ಆಸಿಡ್ ಮುಗಿದಿತ್ತು. ಸುದ್ದಿ ಮುಧೋಳಕ್ಕೆ ಹೋಗಿಯೇ ಹೋಗುತ್ತದೆ, ಸಂಬಂಧ ಮುರಿದಂತೆಯೇ ಎಂದು ನಾನು ಊಟ ಬಿಟ್ಟೆ. ಆಗ ಮಾಳಿಯೂ ಒಂದು ಹೊತ್ತಿನದು ಬಿಟ್ಟ. ಗೌಡರು ತಾವೇ ಬಂದರು. ಹಳದಿ ಗಿಡಗಳನ್ನು ಒಂದೊಂದಾಗಿ ನೋಡಿ, ರುಮಾಲು ತೆಗೆದು ಬೆವರು ಒರೆಸಿಕೊಂಡು, ಸರದಾರರ ಕಡೆ ತಿರುಗಿದರು.

"ತಗದ ಮ್ಯಾಲೂ ಇಷ್ಟ ಬಡದೈತಿ ಅಂದ್ರ ತಗೀದಿದ್ರ ಹುಡುಗನ್ನ ಉಳಸ್ತಿತ್ತೇನ್ರಿ ಅದು? ಜ್ಯೇಷ್ಠದ ಮುಹೂರ್ತ ಬ್ಯಾಡ್ರಿ. ಹುಡುಗ ಹಳದಿ ಆಗೂದ್ರಾಗ ಅರಿಷಿಣಾ ಹಚ್ಚಿಬಿಡೂಣು."

ಚೈತ್ರಕ್ಕೇ ಮದುವೆ ಗೊತ್ತಾಯಿತು. ಅರಿಸಿನ ಹಚ್ಚುವ ದಿನ ಮಾಳಿಯ ಹೆಂಡತಿ ಎರಡೂ ಕೈ ತುಂಬ ಬಳಿದುಕೊಂಡು ನನ್ನ ಮುಂದೆ ಬಂದಳು. ನಾನು ಹಿಂದೆ ಸರಿದದ್ದು ಆಕೆಗೆ ಕಂಡಿರಬೇಕು. ಸುತ್ತಲಿದ್ದ ಹೆಂಗಸರಿಗೆ ಕೇಳದಂತೆ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು.

"ಅಂಜಬ್ಯಾಡ್ರಿ ಮಾಸ್ತರ. ಸುಣ್ಣಾ ಹಾಕಿಲ್ಲ."