ಮೂವತ್ತೊಂದರ ಮಾರನೆಯ ದಿನ

ನಿಯಮ ಪಾಲಿಸುವವನು ಯಾರಿಗೂ ಹೆದರಬೇಕಾಗಿಲ್ಲ ಎಂಬುದು ನನ್ನ ಜೀವನದ ಗಂಭೀರ ಸಿದ್ಧಾಂತವಾಗಿತ್ತು. ನಿಯಮ ಪಾಲಿಸಲು ಹೋಗಿಯೇ ದಂಡ ಬಿದ್ದ ಮೇಲೆ ಅದನ್ನು ಕೈಬಿಟ್ಟಿದ್ದೇನೆ.

ಪುಣೆಯಲ್ಲಿ, ಸ್ವಾರಗೇಟಿನ ಹಿಂದಿರುವ ನಮ್ಮ ಗಲ್ಲಿಯಲ್ಲಿ ಕಾರು ನಿಲ್ಲಿಸಲು ಒಂದು ಕಟ್ಟಳೆಯಿದೆ. ಬೆಸ ತಾರೀಖಿನಂದು ನಮ್ಮ ಮನೆಯ ಬದಿ, ಸಮ ತಾರೀಖಿನಂದು ಎದುರು ಬದಿ. ಬೆಳಿಗ್ಗೆ ಸ್ನಾನ ಮುಗಿಸಿ, ದೇವರಿಗೆ ಹೂವೇರಿಸಿ, ಕಾರನ್ನು ಆಚೆಗೋ ಈಚೆಗೋ ದಾಟಿಸಿದ ಮೇಲೆಯೇ ನಾನು ಚಹಾ ಮುಟ್ಟುವವನು. ಪಕ್ಕದ ಮನೆಯ ಸಾಠೆ ಮಾತ್ರ ತನ್ನ ಕಾರನ್ನು ಕೊಂಡ ದಿನ ಎಲ್ಲಿ ನಿಲ್ಲಿಸಿದನೋ ಅಲ್ಲಿಯೇ ಬಿಟ್ಟಿದ್ದಾನೆ. ಅದರ ಬಾನೆಟ್ಟಿನ ಮೇಲೆ ಒಂದು ಬೆಕ್ಕು ಸಂಸಾರ ಹೂಡಿದೆ. ನಾಗರಿಕ ಪ್ರಜ್ಞೆಯ ಕುರಿತು ನಾನು ಅವನಿಗೆ ಹಲವು ಸಲ ಉಪದೇಶ ಮಾಡಿದ್ದೆ. ಬೆಕ್ಕಾದರೂ ಕೇಳಿಸಿಕೊಳ್ಳುತ್ತಿತ್ತು.

ಹೀಗಿರಲು ಒಂದು ತಿಂಗಳ ಮೂವತ್ತೊಂದು ಮುಗಿದು ಒಂದನೆಯ ತಾರೀಖು ಬಂತು. ಮೂವತ್ತೊಂದೂ ಬೆಸ, ಒಂದೂ ಬೆಸ, ಕಾರು ಕದಲಬಾರದು. ಆದರೆ ನನ್ನ ಕೈಕಾಲಿಗೆ ಗೊತ್ತಿದ್ದುದು ಅಭ್ಯಾಸವೇ ಹೊರತು ತಾರೀಖಲ್ಲ. ಶ್ರದ್ಧೆಯಿಂದ ದಾಟಿಸಿದೆ. ಮಧ್ಯಾಹ್ನ ಮೊಬೈಲಿಗೆ ಫೋಟೋ ಸಮೇತ ದಂಡದ ಚಲನ್ ಬಂತು. ತಪ್ಪು ಬದಿಯಲ್ಲಿ ನನ್ನ ಕಾರೊಂದೇ, ಕುಲದಿಂದ ಹೊರಹಾಕಿಸಿಕೊಂಡಂತೆ ನಿಂತಿದೆ. ಅದರ ಹಿನ್ನೆಲೆಯಲ್ಲಿ, ಧರ್ಮದ ಬದಿಯಲ್ಲಿ, ಸಾಠೆಯ ಕಾರು ಮತ್ತು ಬೆಕ್ಕು.

“ಕಟ್ಟಿ ಬಿಡ್ರಿ. ಇಬ್ಬರೂ ಹೊರಗ ಹೋಗಿ ಉಂಡು ಬಂದ್ರೂ ಅಷ್ಟಾಗ್ತದ,” ಎಂದಳು ಹೆಂಡತಿ.

ಕಟ್ಟುವುದು ಹೇಗೆ? ಇಷ್ಟು ವರ್ಷ ಕಾರು ಓಡಿಸಿ ಒಂದೂ ದಂಡ ಕಾಣದ ದಾಖಲೆ ನನ್ನದು. ಮೇಲಾಗಿ ಕಾರಿನ ವಿಮೆ ಮುಗಿಯುವುದೂ ಅದೇ ತಿಂಗಳು, ಮತ್ತು ದಂಡ ಬಿದ್ದವರಿಗೆ ವಿಮೆಯ ಕಂತು ಏರಿಸುತ್ತಾರಂತೆ ಎಂದು ಎಲ್ಲೋ ಓದಿದ್ದೆ. ಪರಿಹಾರವನ್ನೇ ಕೇಳದ ಸಜ್ಜನರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ನೋ ಕ್ಲೇಮ್ ಬೋನಸ್ ಎನ್ನುವುದು, ನನಗೆ ವರ್ಷಗಳಿಂದ ಬೆಳೆದು ಬಂದಿತ್ತು. ಬಸ್ಸೊಂದು ಬಂಪರ್ ಕಿತ್ತುಹಾಕಿದಾಗಲೂ ಪರಿಹಾರ ಕೇಳದೆ, ತಂತಿ ಬಿಗಿದು ಕಾಪಾಡಿಕೊಂಡ ಸಂಪತ್ತು ಅದು.

ವಿಮಾ ಏಜೆಂಟ್ ಗುರುರಾಜ ನಮ್ಮ ಧಾರವಾಡದ ಕಡೆಯ ಹುಡುಗ. “ರಾಯರ, ಅದೆಲ್ಲಾ ಇನ್ನೂ ಬರೇ ಮಾತಿನಾಗ ಅದ. ಒಂದು ಚಲನ್ನಿಗೆ ನಿಮ್ಮ ಕಂತು ಏರೂದಿಲ್ಲ. ಸುಮ್ಮ ರಿನ್ಯೂ ಮಾಡಸ್ರಿ,” ಎಂದ.

“ಮೊದಲ ಚಲನ್ ರದ್ದಾಗ್ಲಿ. ಕಳಂಕ ಹೊತ್ಕೊಂಡು ನಾ ಸಹಿ ಮಾಡೂದಿಲ್ಲ.”

“ಅಲ್ಲೀತನಕ ಗಾಡಿ?”

“ನಡಸೂದಿಲ್ಲ!”

ಆಕ್ಷೇಪಣೆ ಸಲ್ಲಿಸಿದೆ. ಅದು ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ವಿಮೆ ಮುಗಿಯಿತು. ವಿಮೆಯಿಲ್ಲದ ಕಾರನ್ನು ಓಡಿಸುವುದು ಅಪರಾಧ. ಆದರೆ ತಾರೀಖುಗಳು ನನಗಾಗಿ ನಿಲ್ಲುತ್ತವೆಯೇ? ಎಂಜಿನ್ ಚಾಲೂ ಇಲ್ಲದ ಕಾರು ವಾಹನವಲ್ಲ, ಬರಿಯ ಸಾಮಾನು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು, ದಿನ ಬೆಳಗಾದರೆ ಅದನ್ನು ನೂಕತೊಡಗಿದೆ. ಹೆಂಡತಿ ಸ್ಟಿಯರಿಂಗಿಗೆ, ನಾನು ಹಿಂದೆ. “ಎಡಕ್ಕ ತಿರಗಸ್ಲೋ ಬಲಕ್ಕೋ, ಅದನ್ನ ಹೇಳ್ರಿ ಮೊದಲ! ನಿಮ್ಮ ಸಿದ್ಧಾಂತ ಆಮ್ಯಾಲೆ!” ಎಂದು ಅವಳು ಕೂಗುತ್ತಿದ್ದಳು. “ಕಾಯ್ ಕಾಕಾ, ಆಜ್ ಪಣ್ ಧಕ್ಕಾ?” ಎಂದು, ಇವತ್ತೂ ನೂಕುವುದೇ ಎಂಬರ್ಥದಲ್ಲಿ ಮರಾಠಿಯಲ್ಲಿ ಕೇಳುತ್ತ ಸಾಠೆ ಬನಿಯನ್ನಿನಲ್ಲೇ ಬಂದು ಹೆಗಲು ಕೊಡುತ್ತಿದ್ದ. ನಾಗರಿಕ ಪ್ರಜ್ಞೆಯ ಮಾತನ್ನು ನಾನು ಆ ದಿನಗಳಲ್ಲಿ ಎತ್ತಲಿಲ್ಲ.

ವಿಮೆ ಮುಗಿದು ಮೂರು ತಿಂಗಳು ಕಳೆದ ಮೇಲೆ ಉತ್ತರ ಬಂತು: ಫೋಟೋ ಸ್ಪಷ್ಟವಾಗಿದೆ, ಆಕ್ಷೇಪಣೆ ತಿರಸ್ಕೃತ. ಹಲ್ಲು ಕಚ್ಚಿ ಗುರುರಾಜನನ್ನು ಕರೆಸಿದೆ. ಅವನು ಹೊಸ ವಿಮೆಯ ತಪಾಸಣೆಗೆಂದು ತಂತಿ ಬಿಗಿದ ಬಂಪರಿನ ಫೋಟೋವನ್ನು ಎಲ್ಲ ಕೋನಗಳಿಂದ ತೆಗೆದುಕೊಂಡು, ಅಳುಮೋರೆಯಲ್ಲಿ ಹೇಳಿದ: “ವಿಮಾ ಮುಗದು ತೊಂಬತ್ತು ದಿನ ದಾಟ್ತ್ರಿ ರಾಯರ. ನೋ ಕ್ಲೇಮ್ ಬೋನಸ್ ಪೂರಾ ಹೋತು. ಎಷ್ಟ್ ಸಲ ಫೋನ್ ಮಾಡಿದೆ, ನೀವು ಭಾಷಣ ಮಾಡಿ ಇಟ್ಟುಬಿಟ್ರಿ.”

“ನೋಡು! ದಂಡ ಬಿದ್ರ ಕಂತು ಏರ್ತದ ಅಂತ ನಾ ಅವತ್ತೇ ಹೇಳಿದ್ದಿಲ್ಲ?”

“ದಂಡದಿಂದ ಅಲ್ರಿ...” ಎಂದು ಗುರುರಾಜ ಶುರುಮಾಡಿ, ನನ್ನ ಹೆಂಡತಿಯ ಮುಖ ನೋಡಿದ. ಉಳಿದದ್ದನ್ನು ಅವಳು ಪೂರ್ತಿಗೊಳಿಸಿದಳು.

ದಂಡ ಕಟ್ಟಿದೆ. ವಿಮೆ ಪೂರ್ತಿ ದರದಲ್ಲಿ ಆಯಿತು. ಸಾಠೆಯ ಕಾರಿಗೆ ಈ ತನಕ ಒಂದೂ ಚಲನ್ ಬಂದಿಲ್ಲ.