ಹತ್ತದ ಬಲ್ಬಿನ ಸರ್ಟಿಫಿಕೇಟು

ಅಂಗಡಿಯಲ್ಲಿ ಕೊಂಡ ಆಂಪ್ಲಿಫೈಯರ್ ನಮ್ಮ ಮನೆಯೊಳಗೆ ಕಾಲಿಡಕೂಡದು! ಕಳೆದ ಯುಗಾದಿಯಂದು ಬೇವು ಕುಡಿದು ಬಾಯಿ ಒರೆಸಿಕೊಳ್ಳುವ ಮೊದಲೇ ನಾನು ಹೀಗೆ ಘೋಷಿಸಿಬಿಟ್ಟೆ. ಮುಳಗುಂದದ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ವಿದ್ಯುತ್ತಿನ ಪಾಠ ಮಾಡುವ ನಾನು, ಬೆಟಗೇರಿಯ ನನ್ನ ಸ್ವಂತ ಮನೆಯಲ್ಲಿ ಪರರು ಕಟ್ಟಿದ ಪೆಟ್ಟಿಗೆಯಿಂದ ಹಾಡು ಕೇಳುವುದೇ? ಶಾಂತಂ ಪಾಪಂ!

ಈ ಶಪಥದ ಹಿಂದೆ ಒಂದು ಹಳೆಯ ಗಾಯವಿತ್ತು. ಮದುವೆಯಾದ ವರ್ಷ ಲಕ್ಷ್ಮೇಶ್ವರದ ಮಾವನ ಮನೆಯಲ್ಲಿ ನಾನು ಹೊಡೆದ ಮೊಳೆ, ಫೋಟೋ ಮತ್ತು ಅಂಗೈ ಅಗಲದ ಗಾರೆ ಸಮೇತ ಕೆಳಗಿಳಿದಿತ್ತು. ಕಾಳಿನ ವ್ಯಾಪಾರಿ ಚನ್ನಬಸವಣ್ಣ ಮಾವನವರು ಬೀಗರೆಲ್ಲರ ಮುಂದೆ ಶಾಂತವಾಗಿ ನುಡಿದರು: "ನಮ್ಮ ಅಳಿಯಂದ್ರಿಗೆ ಕೈ ಎರಡೂ ಅದಾವು. ಆದ್ರ ಊಟಕ್ಕಷ್ಟ."

ಅಂದಿನಿಂದ ಅವರ ಬಾಯಲ್ಲಿ ಒಂದೇ ಒಂದು 'ಶಾಬಾಸ್' ಕೇಳಬೇಕೆಂಬುದು ನನ್ನ ಬಾಳಿನ ಗುರಿಯಾಯಿತು. ಅವರು ಯೌವನದಲ್ಲಿ ಹಾಡಿದ ತತ್ವಪದಗಳ ಹಳೆಯ ಕ್ಯಾಸೆಟ್ಟೊಂದು ನನ್ನ ಹೆಂಡತಿ ಅನ್ನಪೂರ್ಣಳ ಟ್ರಂಕಿನಲ್ಲಿ ಸಿಕ್ಕಿತು. ಗುಟ್ಟಾಗಿ ಪೆನ್‌ಡ್ರೈವಿಗೆ ಹಾಕಿಸಿದೆ. ನನ್ನ ಕೈಯಾರೆ ಕಟ್ಟಿದ ಆಂಪ್ಲಿಫೈಯರಿನಲ್ಲಿ ಅವರ ದನಿ ಅವರಿಗೇ ಕೇಳಿಸಿದರೆ ಶಾಬಾಸ್ ಬಾರದೆ ಎಲ್ಲಿಗೆ ಹೋದೀತು! ಭಾನುವಾರ ಊಟಕ್ಕೆ ಬನ್ನಿರೆಂದು ಕರೆದೇಬಿಟ್ಟೆ.

ಆಂಪ್ಲಿಫೈಯರಿಗೆ ಪವರ್ ಸಪ್ಲೈ ಬೋರ್ಡೇ ಹೊಟ್ಟೆ. ಗೋಡೆಯ ಕರೆಂಟನ್ನು ಇಳಿಸಿ, ಸೋಸಿ, ಹದಮಾಡಿ ಒಳಗೆ ಕಳಿಸುವುದು ಅದೇ. ಅದರ ಮೇಲೆ ಎರಡು ದಪ್ಪ ಕೆಪಾಸಿಟರುಗಳನ್ನು ದ್ವಾರಪಾಲಕರಂತೆ ನಿಲ್ಲಿಸಿ ಬೆಸುಗೆ ಹಾಕಿದೆ. ಕನ್ನಡಕ ಹಾಕಿಕೊಳ್ಳಲಿಲ್ಲ. ಕನ್ನಡಕ ಮುದುಕರಿಗೆ!

ಇನ್ನು ಪರೀಕ್ಷೆ. ಅದಕ್ಕೆ ನನ್ನ ಬಳಿ ಒಂದು ಮರದ ಹಲಗೆ, ಹಲಗೆಯ ಮೇಲೆ ಹೋಲ್ಡರು, ಹೋಲ್ಡರಿನಲ್ಲಿ ಹಳೇ ಕಾಲದ ನೂರು ವ್ಯಾಟ್ ಬಲ್ಬು. ಕರೆಂಟು ಆ ಬಲ್ಬನ್ನು ದಾಟಿಯೇ ಬೋರ್ಡಿಗೆ ಹೋಗಬೇಕು. ಬಲ್ಬು ಒಮ್ಮೆ ಫಕ್ಕನೆ ಹತ್ತಿ ಆರಿದರೆ ಬೋರ್ಡು ಪಾಸು. ಹತ್ತಿಕೊಂಡೇ ನಿಂತರೆ ಎಲ್ಲೋ ತಪ್ಪಿದೆಯೆಂದು ಅರ್ಥ. ಹಲಗೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ಆಜ್ಞೆಯನ್ನೂ ಬರೆದಿದ್ದೆ: 'ಹೋಲ್ಡರ್ ಖಾಲಿ ಬಿಡಕೂಡದು. ಬೆರಳು ಹೋದೀತು!'

ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವನೇ ಸ್ವಿಚ್ ಒತ್ತಿದೆ. ಬಲ್ಬು ಹತ್ತುವುದಿರಲಿ, ಮಿಣುಕಲೂ ಇಲ್ಲ!

"ಅನ್ನಪೂರ್ಣಾ! ಬಾ ಇಲ್ಲೆ! ಒಮ್ಮೆ ಮಿಂಚಿ ಆರೋದು ಮಂದಿ ಬೋರ್ಡು. ನನ್ನ ಬೋರ್ಡು ನೋಡು, ಮಿಂಚೋದ ಇಲ್ಲ! ಅಷ್ಟು ಶುದ್ಧ!"

"ಲೈಟ್ ಹತ್ತಲಿಲ್ಲಂತ ಕುಣಿಯಾವ್ರು ಜಗತ್ತಿನ್ಯಾಗ ನೀವೊಬ್ರ ನೋಡ್ರಿ. ಮೀಟರ್ ಹಚ್ಚಿ ಒಮ್ಮೆ ನೋಡಬಾರದೇನು?"

"ಮೀಟರ್ ಬೇಕಾಗೋದು ಸಂಶೇ ಇದ್ದಾವ್ರಿಗೆ!"

"ಅಲ್ಲರೀ, ಆ ಬಲ್ಬು…"

"ನಡುವ ಬಾಯಿ ಹಾಕಬ್ಯಾಡ. ಇದು ವಿಜ್ಞಾನ!"

ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಒಳಗೆ ಹೋದಳು. ನಾನು ಹತ್ತದ ಬಲ್ಬಿನ ಫೋಟೋ ತೆಗೆದು ಬೀಗರ ವಾಟ್ಸಾಪ್ ಗುಂಪಿಗೆ ಹಾಕಿದೆ. 'ಪರೀಕ್ಷೆಯಲ್ಲಿ ನೂರಕ್ಕೆ ನೂರು!' ಶಿರಹಟ್ಟಿಯ ಷಡ್ಡಕ ಮುತ್ತಣ್ಣ ತಕ್ಷಣ ಕೇಳಿದ: "ಕರೆಂಟ್ ಹೋಗೇತೇನು?" ಹೊಟ್ಟೆಕಿಚ್ಚು!

ಭಾನುವಾರ ಮಾವನವರು ಇಸ್ತ್ರಿ ಮಾಡಿದ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೋಪಿಯಲ್ಲಿ ಬಂದು ಕುರ್ಚಿಯಲ್ಲಿ ಕುಳಿತರು. ಅನ್ನಪೂರ್ಣ ಗಿರ್ಮಿಟ್ಟಿನ ತಾಟು ಕೈಗಿತ್ತಳು. ನಾನು ಗಂಟಲು ಸರಿಮಾಡಿಕೊಂಡೆ.

"ಮಾವಾರ, ಈಗ ನೀವು ಒಂದು ದನಿ ಕೇಳ್ತೀರಿ. ಜನ್ಮದಾಗ ಮರಿಯಾಂಗಿಲ್ಲ!"

ಪಾಸಾದ ಬೋರ್ಡಿಗೆ ಇನ್ನೆಂಥ ಬಲ್ಬು! ನೇರವಾಗಿ ಗೋಡೆಗೇ ಸಿಕ್ಕಿಸಿದೆ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ…

ಢಂ!!

ಒಂದು ಕೆಪಾಸಿಟರು ಛಾವಣಿಗೆ ಹಾರಿತು. ಅದರ ಹೊಟ್ಟೆಯೊಳಗಿನ ಕಾಗದದ ಚೂರುಗಳೂ ಬೆಳ್ಳಿಬಣ್ಣದ ಹಾಳೆಯೂ ಮಾವನವರ ಮೇಲೆ ಅಕ್ಷತೆಯಂತೆ ಇಳಿದವು. ಟೋಪಿಯ ಮೇಲೆ, ಮೀಸೆಯ ಮೇಲೆ, ಗಿರ್ಮಿಟ್ಟಿನ ಮೇಲೆ. ಮನೆಯ ಕರೆಂಟು ಹೋಯಿತು. ಸುಟ್ಟ ವಾಸನೆಯ ನಡುವೆ ಮಾವನವರು ತಾಟಿನಿಂದ ಒಂದು ಚೂರು ಹೆಕ್ಕಿ ನೋಡಿದರು.

"ಅಳಿಯಂದ್ರ, ಇದು ನಾ ಹಾಡಿದ್ದಲ್ಲ ಬಿಡ್ರಿ."

"ಅದ್ಹೆಂಗ ಆತು? ಬಲ್ಬು ಪಾಸ್ ಮಾಡಿತ್ತಲ್ಲ!" ನಾನು ಹಲಗೆಯನ್ನೇ ದಿಟ್ಟಿಸಿದೆ.

"ಆ ಬಲ್ಬು ಸುಟ್ಟದ್ದರೀ," ಎಂದಳು ಅನ್ನಪೂರ್ಣ. "ಬುಧವಾರ ಬಚ್ಚಲದ ಬಲ್ಬು ಹೋತು. ನಿಮ್ಮ ಚಲೋ ಬಲ್ಬು ಅಲ್ಲಿ ಹಾಕಿದೆ. ಹೋಲ್ಡರ್ ಖಾಲಿ ಬಿಡಬಾರದಂತ ನೀವ ಬರದೀರಲ್ಲ, ಅದಕ್ಕ ಸುಟ್ಟಿದ್ದು ಇಲ್ಲಿ ಹಾಕಿದೆ. ನಿನ್ನೆ ಹೇಳಾಕ ಬಂದ್ರ, ವಿಜ್ಞಾನ ಅಂದ್ರಿ."

ಸುಟ್ಟ ಬಲ್ಬಿನ ಕೈಯಿಂದ ನೂರಕ್ಕೆ ನೂರು! ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಟ್ರಾನ್ಸ್‌ಫಾರ್ಮರ್ ಸಮೇತ ಒಳಗೆ ಹೋಗುತ್ತಿದ್ದೆ.

ಆದರೂ ಮೇಷ್ಟ್ರ ಹಟ ಅಷ್ಟು ಬೇಗ ಸಾಯುವುದಿಲ್ಲ. ಕರೆಂಟು ಮರಳಿಸಿ, ಹಾರಿದ್ದರ ಜಾಗದಲ್ಲಿ ಹೊಸ ಕೆಪಾಸಿಟರು ಕೂರಿಸಿದೆ. ಅನ್ನಪೂರ್ಣ ಬಚ್ಚಲಿನಿಂದ ಖರೆ ಬಲ್ಬು ಬಿಚ್ಚಿ ತಂದು ಹಲಗೆಗೆ ಹಾಕಿದಳು. ಸ್ವಿಚ್ ಒತ್ತಿದರೆ ಬಲ್ಬು ಧಗಧಗ ಹತ್ತಿ ನಿಂತಿತು!

"ಬಂದ್ ಮಾಡ್ರಿ!" ಎಂದು ಕೂಗಿದ ಅವಳು, ಎಲ್ಲ ಆರಿದ ಮೇಲೆ ಬೋರ್ಡಿನ ಮೇಲೆ ಬಗ್ಗಿದಳು. "ಇಲ್ಲಿ ಪ್ಲಸ್ ಗುರುತು ಅಚ್ಚಾಗೇತಿ. ನೀವು ಕೆಪಾಸಿಟರಿನ ಮೈನಸ್ ಬಿಳಿ ಗೆರಿ ಅದರ ಕಡೆನ ಕುಂದರ್ಸೀರಿ. ಮದಲಿಂದೂ ಹಿಂಗ ಉಲ್ಟಾ ಹಾಕಿದ್ರೇನು?"

ನಾನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡೆ. ಮತ್ತೊಂದು ಹೊಸ ಕೆಪಾಸಿಟರನ್ನು ಅವಳು ಬೆರಳಿಟ್ಟು ತೋರಿಸಿದ ಹಾಗೆ ಬೆಸೆದೆ. ಬಲ್ಬು ಫಕ್ಕನೆ ಮಿಂಚಿ ಆರಿತು. ಈ ಸಲ ಮೀಟರನ್ನೂ ಹಚ್ಚಿದೆ. ಆಮೇಲೆ ಪೆನ್‌ಡ್ರೈವ್.

ಮೂವತ್ತು ವರ್ಷದ ಹಿಂದಿನ ಚನ್ನಬಸವಣ್ಣನವರು ಏಕತಾರಿ ಹಿಡಿದು ನಮ್ಮ ಪಡಸಾಲೆಯಲ್ಲಿ ಹಾಡತೊಡಗಿದರು. ಒಂದಿಷ್ಟೂ ಗುಂಯ್‌ಗುಡುವ ಸದ್ದಿಲ್ಲ! ಈಗಿನ ಚನ್ನಬಸವಣ್ಣನವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಸುಳ್ಳೇಕೆ ಹೇಳಲಿ, ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಿತು. ಹಾಡು ಮುಗಿಯಿತು. ಅವರು ಕಣ್ಣೊರೆಸಿಕೊಂಡರು.

"ಶಾಬಾಸ್!"

ನಾನು ಕಾಲು ಮುಟ್ಟಲು ಬಗ್ಗಿದೆ. ಅವರು ನನ್ನ ಬೆನ್ನಿನ ಮೇಲಿಂದ ನೋಡುತ್ತ ಮುಂದುವರಿಸಿದರು: "ಶಾಬಾಸ್ ಅವ್ವಾ ಅನ್ನಪೂರ್ಣಾ! ನೀ ನೋಡಲಿಲ್ಲಂದ್ರ ಇವತ್ತು ಮನಿ ಹಾರತಿತ್ತು." ಬಳಿಕ ನನ್ನತ್ತ ತಿರುಗಿದರು. "ಅಳಿಯಂದ್ರ, ಮೈಯೆಲ್ಲಾ ನಿಮ್ಮ ಪೇಪರ್ ಆಗೇತಿ. ಜಳಕ ಮಾಡ್ತೀನಿ. ಆ ಬಲ್ಬು ಒಂದಿಷ್ಟು ಬಚ್ಚಲಕ್ಕ ಹಾಕಿ ಕೊಡ್ರಿ."

ಕನ್ನಡಕ ಸರಿಮಾಡಿಕೊಂಡು, ಸ್ಟೂಲು ಹತ್ತಿ, ಬಲ್ಬನ್ನು ಬಚ್ಚಲಿನ ಹೋಲ್ಡರಿಗೆ ತಿರುಗಿಸಿದೆ. ಮಾವನವರು ಸ್ವಿಚ್ ಒತ್ತಿದರು. ಹತ್ತಿತು!

"ಶಾಬಾಸ್, ಅಳಿಯಂದ್ರ!" ಎಂದರು ಅವರು, ಮನಸಾರೆ.